ದೇವಾಲಯದ ಮೈಕು ಯಾರಿಗೆ?

ಕೆಲವು ವರ್ಷಗಳ ಹಿಂದಿನ ಮಾತು. ನಾನಾಗ ಬಯಲುಸೀಮೆಯ ಒಂದು ಧರ್ಮಕೇಂದ್ರದ ಗುರುವಾಗಿದ್ದೆ. ವಿಧಾನಸಭಾ ಚುನಾವಣೆಯ ಕಾಲ. ಭಾನುವಾರದ ಬಲಿಪೂಜೆ ಮುಗಿಯುವ ಹೊತ್ತಿಗೆ ಅಭ್ಯರ್ಥಿಯೊಬ್ಬರು ತಮ್ಮ ಬೆಂಬಲಿಗರೊಡನೆ ದೇವಾಲಯದ ಬಾಗಿಲಲ್ಲಿ ಬಂದು ನಿಂತರು. ಪಾಲನಾ ಪರಿಷತ್ತಿನ ಹಿರಿಯರೊಬ್ಬರು ನನ್ನ ಬಳಿಗೆ ಬಂದು, "ಫಾದರ್, ನಮ್ಮ ಸಮುದಾಯ ಭವನಕ್ಕೆ ನೆರವು ಕೊಡಿಸಿದವರು. ಎರಡು ನಿಮಿಷ ಮಾತಾಡಿ ಹೋಗಲಿ" ಎಂದು ಪಿಸುಗುಟ್ಟಿದರು. ನಾನು ಒಂದು ಕ್ಷಣ ತಡೆದೆ; ಅನಂತರ ತಲೆಯಾಡಿಸಿದೆ. ಅಂತಿಮ ಆಶೀರ್ವಾದವಾದ ಮೇಲೆ ಅವರು ಮೈಕಿನ ಮುಂದೆ ನಿಂತು, ಕ್ರೈಸ್ತರ ಸೇವಾಭಾವವನ್ನು ಹೊಗಳಿ, ತಮ್ಮನ್ನು ಮರೆಯಬಾರದೆಂದು ಕೈಮುಗಿದರು. ಜನರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಎಲ್ಲರೂ ಹೋದ ಬಳಿಕ ಪೂಜಾವಸ್ತ್ರಗಳನ್ನು ಮಡಿಸುತ್ತಿದ್ದ ನನ್ನ ಮುಂದೆ ಒಬ್ಬ ತಾಯಿ ಬಂದು ನಿಂತರು. ನಮ್ಮ ಭವನದ ಕಟ್ಟಡದಲ್ಲೇ ಮರಳು, ಜಲ್ಲಿ ಹೊರುತ್ತಿದ್ದವರು. ಹಿಂದಿನ ವಾರ ಅವರು ನನ್ನಲ್ಲಿಗೆ ಬಂದು, ಐದು ವಾರಗಳಿಂದ ಗುತ್ತಿಗೆದಾರನು ಬಟವಾಡೆ ಮಾಡಿಲ್ಲವೆಂದೂ, ಪೂಜೆಯ ಕೊನೆಯಲ್ಲಿ ಅದನ್ನು ಸಭೆಗೆ ತಿಳಿಸಬೇಕೆಂದೂ ಕೇಳಿಕೊಂಡಿದ್ದರು. "ಇದು ದೇವರ ಮನೆ ಕಣಮ್ಮ. ಇಲ್ಲಿ ಅಂಥ ವಿಷಯ ಬೇಡ, ರಾಜಕೀಯವಾಗುತ್ತದೆ" ಎಂದು ನಾನು ಮೆಲ್ಲನೆ ಸಾಗಹಾಕಿದ್ದೆ.

ಆ ದಿನ ಅವರು ಸಿಟ್ಟು ಮಾಡಲಿಲ್ಲ. ಸೆರಗನ್ನು ಕೈಯಲ್ಲಿ ಹಿಡಿದುಕೊಂಡು ಇಷ್ಟೇ ಕೇಳಿದರು: "ಸ್ವಾಮಿ, ನಮ್ಮ ಕೂಲಿ ಮಾತು ರಾಜಕೀಯ ಅಂದ್ರಿ. ಅವರ ಓಟಿನ ಮಾತು ರಾಜಕೀಯ ಅಲ್ವಾ?"

ನನ್ನಲ್ಲಿ ಉತ್ತರವಿರಲಿಲ್ಲ. ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ವರ್ಷಗಟ್ಟಲೆ ಓದಿದ್ದೆ. ಆದರೆ ಆ ಒಂದು ಪ್ರಶ್ನೆಯ ಮುಂದೆ ನನ್ನ ಓದು ಮೌನವಾಯಿತು. ಇಂದಿಗೂ ಚುನಾವಣೆ ಬಂದಾಗಲೆಲ್ಲ, 'ಧರ್ಮಸಭೆ ರಾಜಕೀಯದಲ್ಲಿ ತಲೆಹಾಕಬೇಕೇ?' ಎಂಬ ಚರ್ಚೆ ನಡೆದಾಗಲೆಲ್ಲ, ಆ ತಾಯಿಯ ಮುಖವೇ ನನ್ನ ಕಣ್ಣ ಮುಂದೆ ಬರುತ್ತದೆ.

ನಾನು ಮಾಡಿದ ತಪ್ಪು ಎರಡು ಬಗೆಯದು. ಮೊದಲನೆಯದಾಗಿ, ಮಾಡಬಾರದ್ದನ್ನು ಮಾಡಿದೆ. ಪೂಜಾಸ್ಥಳಗಳನ್ನು ಚುನಾವಣಾ ಪ್ರಚಾರಕ್ಕೆ ಬಳಸಬಾರದೆಂದು ಚುನಾವಣಾ ನೀತಿಸಂಹಿತೆ ಹೇಳುತ್ತದೆ. ಧಾರ್ಮಿಕ ಸಂಸ್ಥೆಗಳ ದುರುಪಯೋಗವನ್ನು ತಡೆಯುವ 1988ರ ಕಾಯ್ದೆಯೂ ಇದೆ. ಧರ್ಮಸಭೆಯ ಕಾನೂನೂ ಇದಕ್ಕೆ ಹೊರತಲ್ಲ. 1983ರ ಧರ್ಮಸಭಾ ಸಂಹಿತೆಯ 285 ಮತ್ತು 287ನೆಯ ವಿಧಿಗಳು, ಗುರುಗಳು ರಾಜ್ಯಾಧಿಕಾರದ ಹುದ್ದೆಗಳನ್ನು ವಹಿಸಿಕೊಳ್ಳಬಾರದೆಂದೂ, ರಾಜಕೀಯ ಪಕ್ಷಗಳಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳಬಾರದೆಂದೂ ವಿಧಿಸುತ್ತವೆ. ಇದು ಸರಿಯೇ. ಪರಮಪ್ರಸಾದಕ್ಕೆ ಕೈಚಾಚುವವರಲ್ಲಿ ಎಲ್ಲ ಪಕ್ಷದವರೂ ಇರುತ್ತಾರೆ. ಬಲಿಪೀಠವು ಯಾವ ಪಕ್ಷದ ವೇದಿಕೆಯೂ ಆಗಕೂಡದು.

ಎರಡನೆಯದಾಗಿ, ಮಾಡಲೇಬೇಕಾದದ್ದನ್ನು ಮಾಡದೆ ಬಿಟ್ಟೆ. ಇದು ಮೊದಲನೆಯದಕ್ಕಿಂತ ದೊಡ್ಡ ತಪ್ಪು. ಸಂತ ಯಕೋಬರ ಪತ್ರದ ಐದನೆಯ ಅಧ್ಯಾಯವನ್ನು ಮೂರು ವರ್ಷಕ್ಕೊಮ್ಮೆ, ಸಾಧಾರಣ ಕಾಲದ 26ನೆಯ ಭಾನುವಾರ, ನಮ್ಮ ದೇವಾಲಯಗಳಲ್ಲಿ ಓದಲಾಗುತ್ತದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟುಕೊಂಡ ಕೂಲಿ ತಾನೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದು ಅಲ್ಲಿ ಪ್ರೇಷಿತರು ಎಚ್ಚರಿಸುತ್ತಾರೆ. ಆ ವಾಚನದ ಮೇಲೆ ನಾನು ಅನೇಕ ಸಲ ಪ್ರಬೋಧನೆ ಮಾಡಿದ್ದೇನೆ. ಪ್ರತಿ ಸಲವೂ ಅದು ಬೇರೆ ಯಾರಿಗೋ, ಎಲ್ಲೋ ದೂರದ ಜಮೀನ್ದಾರನಿಗೆ ಬರೆದ ಪತ್ರವೆಂಬಂತೆ ವಿವರಿಸಿದ್ದೇನೆ. ನಮ್ಮ ಅಂಗಳದಲ್ಲೇ, ನಮ್ಮ ಭವನದ ಸೆಂಟ್ರಿಂಗ್ ಹಲಗೆಗಳ ಕೆಳಗೇ ಆ ಕೂಲಿ ಕೂಗುತ್ತಿದ್ದಾಗ ನನ್ನ ಕಿವಿಗೆ ಅದು ಬೀಳಲಿಲ್ಲ.

ಪ್ರಿಯ ವಾಚಕರೇ, ನಜರೇತಿನ ಪ್ರಾರ್ಥನಾಮಂದಿರದಲ್ಲಿ ಏನಾಯಿತೆಂಬುದನ್ನು ನೆನಪಿಗೆ ತಂದುಕೊಳ್ಳಿ. ಸಂತ ಲೂಕರ ಶುಭಸಂದೇಶದ ನಾಲ್ಕನೆಯ ಅಧ್ಯಾಯ. ಯೇಸು ಪ್ರವಾದಿ ಯೆಶಾಯನ ಸುರುಳಿಯನ್ನು ಬಿಚ್ಚಿ, ಬಡವರಿಗೆ ಶುಭಸಂದೇಶ, ಸೆರೆಯಲ್ಲಿದ್ದವರಿಗೆ ಬಿಡುಗಡೆ ಎಂಬ ಭಾಗವನ್ನು ಓದಿದರು. ಆಗ ಯಾರೂ ಕೋಪಗೊಳ್ಳಲಿಲ್ಲ. ಅವರ ಮಾತಿನ ಸೊಗಸಿಗೆ ಎಲ್ಲರೂ ಬೆರಗಾದರು. ಆದರೆ ಎಲೀಯನ ಕಾಲದಲ್ಲಿ ದೇವರ ಕೃಪೆ ಪರದೇಶದ ವಿಧವೆಯೊಬ್ಬಳಿಗೆ ಸಂದಿತು, ಎಲೀಷನ ಕಾಲದಲ್ಲಿ ಸಿರಿಯಾದ ನಾಮಾನನಿಗೆ ಸಂದಿತು ಎಂದು ಯೇಸು ಉದಾಹರಣೆ ಕೊಟ್ಟು ಹೇಳಿದಾಗ, ಅದೇ ಜನರು ಅವರನ್ನು ಊರ ಹೊರಗಿನ ಗುಡ್ಡದ ತುದಿಯಿಂದ ತಳ್ಳಲು ಎದ್ದರು. ಸುರುಳಿಯನ್ನು ಓದುವವರೆಗೆ ಎಲ್ಲರಿಗೂ ಸಮಾಧಾನ. ಅದಕ್ಕೆ ಊರು, ಹೆಸರು, ಉದಾಹರಣೆ ಸೇರಿದೊಡನೆ ಅದು 'ರಾಜಕೀಯ' ಆಗಿಬಿಡುತ್ತದೆ. ನಮ್ಮಲ್ಲಿ ಹೆಚ್ಚಿನವರು ಸುರುಳಿಯನ್ನು ಓದಿ ಕೆಳಗಿಟ್ಟು ಕುಳಿತುಬಿಡುತ್ತೇವೆ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ, ಧರ್ಮಸಭೆ ಯಾವ ರಾಜಕೀಯ ವ್ಯವಸ್ಥೆಗೂ ಕಟ್ಟುಬಿದ್ದಿಲ್ಲ ಎಂದು ಹೇಳಿತು. ಮನುಷ್ಯನ ಮೂಲಭೂತ ಹಕ್ಕುಗಳಿಗೆ ಸಂಬಂಧಿಸಿದಾಗ ರಾಜಕೀಯ ವಿಷಯಗಳ ಮೇಲೂ ನೈತಿಕ ತೀರ್ಪು ನೀಡುವ ಹಕ್ಕು ಅದಕ್ಕಿದೆ ಎಂದೂ ಅದೇ ದಾಖಲೆಯಲ್ಲಿ ಸೇರಿಸಿತು. ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ, ಧರ್ಮಸಭೆ ಸರ್ಕಾರದ ಸ್ಥಾನವನ್ನು ಆಕ್ರಮಿಸಬಾರದು, ಆದರೆ ನ್ಯಾಯಕ್ಕಾಗಿ ನಡೆಯುವ ಹೋರಾಟದಲ್ಲಿ ಬದಿಗೆ ಸರಿದು ನಿಲ್ಲಲೂಬಾರದು ಎಂದರು. 1971ರಲ್ಲಿ ರೋಮಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ಇನ್ನೂ ಮುಂದೆ ಹೋಯಿತು. ನ್ಯಾಯಕ್ಕಾಗಿ ದುಡಿಯುವುದು ಶುಭಸಂದೇಶ ಸಾರುವ ಕಾರ್ಯದ ಅವಿಭಾಜ್ಯ ಅಂಗವೆಂದು ಸಾರಿ, ನ್ಯಾಯದ ಬಗ್ಗೆ ಬೋಧಿಸುವವರು ಮೊದಲು ಜನರ ಕಣ್ಣಿಗೆ ನ್ಯಾಯವಂತರಾಗಿ ಕಾಣಬೇಕೆಂದು, ಧರ್ಮಸಭೆಯ ಸಂಸ್ಥೆಗಳಲ್ಲಿ ದುಡಿಯುವವರಿಗೆ ತಕ್ಕ ವೇತನ ಸಲ್ಲಬೇಕೆಂದು ತಿಳಿಸಿತು. ನಾನು ಅಂದು ಎಡವಿದ್ದು ಈ ಕೊನೆಯ ಮೆಟ್ಟಿಲಲ್ಲೇ.

ಈ ಹಾದಿಯಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವವರು ಎಲ್ ಸಾಲ್ವಡಾರಿನ ಮಹಾಧರ್ಮಾಧ್ಯಕ್ಷ ಸಂತ ಆಸ್ಕರ್ ರೊಮೆರೊ. ಅವರು ಹುಟ್ಟು ಹೋರಾಟಗಾರರೇನಲ್ಲ. ರೋಮಿನಲ್ಲಿ ಓದಿದವರು, ಪುಸ್ತಕಪ್ರಿಯರು, ಎಚ್ಚರಿಕೆಯ ಸ್ವಭಾವದವರು. 1977ರ ಫೆಬ್ರವರಿಯಲ್ಲಿ ಅವರು ಮಹಾಧರ್ಮಾಧ್ಯಕ್ಷರಾದಾಗ ದೇಶದ ಸಿರಿವಂತರು ನಿಶ್ಚಿಂತರಾದರು. ಆದರೆ ಮಾರ್ಚ್ 12ರಂದು ಅವರ ಆತ್ಮೀಯ ಗೆಳೆಯ, ಬಡ ರೈತರ ನಡುವೆ ಸೇವೆ ಮಾಡುತ್ತಿದ್ದ ಯೇಸುಸಭೆಯ ಗುರು ರುಟಿಲಿಯೊ ಗ್ರಾಂಡೆ ಅವರನ್ನು, ಜೊತೆಯಲ್ಲಿದ್ದ ಒಬ್ಬ ವೃದ್ಧ ಮತ್ತು ಒಬ್ಬ ಹುಡುಗನ ಸಮೇತ, ಬಲಿಪೂಜೆಗೆ ಹೋಗುವ ದಾರಿಯಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಮುಂದಿನ ವಾರ ರೊಮೆರೊ ಇಡೀ ಮಹಾಧರ್ಮಪ್ರಾಂತ್ಯದಲ್ಲಿ ಒಂದೇ ಒಂದು ಬಲಿಪೂಜೆ ನಡೆಯಲಿ ಎಂದು ಆಜ್ಞಾಪಿಸಿ, ಎಲ್ಲರನ್ನೂ ಪ್ರಧಾನಾಲಯದ ಮುಂದೆ ಸೇರಿಸಿದರು. ಕೊಲೆಯ ತನಿಖೆಯಾಗುವವರೆಗೆ ಸರ್ಕಾರಿ ಸಮಾರಂಭಗಳಿಗೆ ಹೋಗುವುದಿಲ್ಲವೆಂದರು.

ಅನಂತರದ ಮೂರು ವರ್ಷ ಅವರ ಭಾನುವಾರದ ಪ್ರಬೋಧನೆ ರೇಡಿಯೊದಲ್ಲಿ ಪ್ರಸಾರವಾಗುತ್ತಿತ್ತು. ಅದರಲ್ಲಿ ಅವರು ದೇವರ ವಾಕ್ಯವನ್ನು ವಿವರಿಸಿದ ಬಳಿಕ, ಆ ವಾರ ಕೊಲೆಯಾದವರ, ಕಾಣೆಯಾದವರ ವಿವರಗಳನ್ನು ಹೆಸರು ಹಿಡಿದು ಹೇಳುತ್ತಿದ್ದರು. ಸುರುಳಿಯನ್ನು ಓದಿ ಕೆಳಗಿಡಲಿಲ್ಲ. ಧರ್ಮಸಭೆಯ ಮೈಕು ಯಾರಿಗೆ ಸೇರಬೇಕೆಂಬುದಕ್ಕೆ ಅದೇ ಉತ್ತರ. ಸಹ ಧರ್ಮಾಧ್ಯಕ್ಷರಲ್ಲಿ ಹೆಚ್ಚಿನವರು ಅವರ ಜೊತೆಗಿರಲಿಲ್ಲ. 1980ರ ಮಾರ್ಚ್ 24ರಂದು, ಕ್ಯಾನ್ಸರ್ ರೋಗಿಗಳ ಆಸ್ಪತ್ರೆಯ ಪ್ರಾರ್ಥನಾಲಯದಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದಾಗಲೇ ಗುಂಡೇಟಿಗೆ ಬಲಿಯಾದರು. ಅವರು ಸತ್ತದ್ದು ರಾಜಕೀಯಕ್ಕಾಗಿ ಅಲ್ಲ, ವಿಶ್ವಾಸಕ್ಕಾಗಿ ಎಂದು ಧರ್ಮಸಭೆ ಅಧಿಕೃತವಾಗಿ ಒಪ್ಪಲು 2015ರವರೆಗೆ ಕಾಯಬೇಕಾಯಿತು. 2018ರ ಅಕ್ಟೋಬರ್ 14ರಂದು ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಈ ವಿಳಂಬವೂ ನಮಗೊಂದು ಪಾಠವೇ. ವಿಶ್ವಾಸ ಯಾವುದು, ರಾಜಕೀಯ ಯಾವುದು ಎಂದು ಗುರುತಿಸುವುದರಲ್ಲಿ ಧರ್ಮಸಭೆಗೂ ತಡವಾಗಬಹುದು.

ಇದು ದೂರದ ಕಥೆಯೆಂದು ನಾವು ಸುಮ್ಮನಾಗುವಂತಿಲ್ಲ. ಒಂದು ಕಾಲಕ್ಕೆ ಬೆಂಗಳೂರಿನ ಭಾರತೀಯ ಸಮಾಜ ಸಂಸ್ಥೆಯ ನಿರ್ದೇಶಕರಾಗಿದ್ದ ಫಾದರ್ ಸ್ಟ್ಯಾನ್ ಸ್ವಾಮಿಯವರು ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ನೆಲೆಸಿ, ವಿಚಾರಣೆಯಿಲ್ಲದೆ ಸೆರೆಯಲ್ಲಿ ಕೊಳೆಯುತ್ತಿದ್ದ ಯುವಕರ ಪರವಾಗಿ ದನಿಯೆತ್ತಿದರು. 2020ರ ಅಕ್ಟೋಬರಿನಲ್ಲಿ ಅವರನ್ನು ಬಂಧಿಸಿದಾಗ ಅವರಿಗೆ 83 ವರ್ಷ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದುದರಿಂದ ನೀರು ಕುಡಿಯಲು ಒಂದು ಸ್ಟ್ರಾ ಮತ್ತು ಸಿಪ್ಪರ್ ಲೋಟಕ್ಕಾಗಿ ನ್ಯಾಯಾಲಯವನ್ನು ಕೇಳಬೇಕಾಯಿತು. ತಮ್ಮ ಮೇಲಿನ ಆರೋಪಗಳನ್ನು ಅವರು ನಿರಾಕರಿಸಿದ್ದರು. ಅವುಗಳ ವಿಚಾರಣೆ ನಡೆಯುವ ಮೊದಲೇ, 2021ರ ಜುಲೈ 5ರಂದು, ಮುಂಬಯಿಯ ಆಸ್ಪತ್ರೆಯಲ್ಲಿ ಬಂಧಿತರಾಗಿಯೇ ಕೊನೆಯುಸಿರೆಳೆದರು.

2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಹಾಗೂ ನಮ್ಮ ರಾಜ್ಯದ ಬೇರೆಡೆಗಳಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ ನಾವು ಬೀದಿಗಿಳಿದೆವು. ಅದು ಅಗತ್ಯವಾಗಿತ್ತು. ಆದರೆ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ: ನಮ್ಮ ಗೋಡೆಗೆ ಕಲ್ಲು ಬಿದ್ದಾಗ ಎದ್ದ ನಾವು, ನೆರೆಯವನ ಮನೆಗೆ ಕಲ್ಲು ಬಿದ್ದಾಗ ಎಷ್ಟು ಸಲ ಎದ್ದಿದ್ದೇವೆ? ದಲಿತ ಕ್ರೈಸ್ತರ ವಿಷಯವನ್ನೇ ನೋಡಿ. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದನ್ನು ವಿಸ್ತರಿಸಲಾಯಿತು, ಕ್ರೈಸ್ತರು ಹೊರಗುಳಿದರು. ಈ ಅನ್ಯಾಯದ ವಿರುದ್ಧ ನಾವು ಮನವಿ ಸಲ್ಲಿಸುತ್ತೇವೆ, ಮೆರವಣಿಗೆ ಮಾಡುತ್ತೇವೆ. ಆದರೆ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿದಾಗ, ಜಾತಿಭೇದ ನಮ್ಮೊಳಗೂ ಇದೆ ಎಂದು ಒಪ್ಪಿಕೊಳ್ಳಬೇಕಾಯಿತು. ಸರ್ಕಾರವನ್ನು ನ್ಯಾಯ ಕೇಳುವ ಕೈ, ಮದುವೆಯ ಸಂಬಂಧ ಹುಡುಕುವಾಗ ಜಾತಿ ಕೇಳುವುದಾದರೆ, ಆ ಮನವಿಗೆ ಬಲವೆಲ್ಲಿಂದ ಬರಬೇಕು?

ಇನ್ನು ನನ್ನ ಧರ್ಮಕೇಂದ್ರದ ಕಥೆಗೆ ಮರಳುತ್ತೇನೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಪಾಲನಾ ಪರಿಷತ್ತನ್ನು ಕರೆದೆ. ಸದಸ್ಯರಲ್ಲಿ ವಕೀಲರೊಬ್ಬರಿದ್ದರು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸುವ ಮೂಲ ಮಾಲೀಕನೇ ಅದನ್ನು ಕೊಡಬೇಕೆಂಬ ತತ್ತ್ವ ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿತ್ತೆಂದು ಅವರು ವಿವರಿಸಿದರು. "ಆದರೆ ಅದು ಇಪ್ಪತ್ತು ಜನರಿಗಿಂತ ಕಡಿಮೆ ಇದ್ದ ಕಡೆ ಅನ್ವಯಿಸುವುದಿಲ್ಲ ಫಾದರ್. ನಮ್ಮಲ್ಲಿರುವುದು ಹನ್ನೊಂದು ಜನ" ಎಂದೂ ಸೇರಿಸಿದರು. ಸಭೆಯಲ್ಲಿ ಕೆಲವರ ಮುಖ ಅರಳಿತು. "ಸಂತ ಯಕೋಬರು ಸಂಖ್ಯೆ ಹೇಳಿಲ್ಲ" ಎಂದೆ. ಬಹಳ ಹೊತ್ತು ವಾದವಾಯಿತು. ಕೊನೆಗೆ ಗುತ್ತಿಗೆದಾರನ ಮುಂದಿನ ಬಿಲ್ಲನ್ನು ತಡೆಹಿಡಿದು, ಹನ್ನೊಂದು ಜನರಿಗೂ ಐದು ವಾರಗಳ ಕೂಲಿಯನ್ನು ನಾವೇ ಕೈಗೆ ಕೊಡುವುದೆಂದು ತೀರ್ಮಾನವಾಯಿತು.

ಮುಂದಿನ ಭಾನುವಾರ ನಾನು ಮೈಕಿನ ಮುಂದೆ ನಿಂತು ಎರಡು ವಿಷಯ ಹೇಳಿದೆ. ಕಳೆದ ವಾರ ಇದೇ ಜಾಗದಲ್ಲಿ ಅಭ್ಯರ್ಥಿಯೊಬ್ಬರಿಗೆ ಅವಕಾಶ ಕೊಟ್ಟದ್ದು ನನ್ನ ತಪ್ಪು, ಕ್ಷಮಿಸಿ ಎಂದೆ. ನಮ್ಮ ಭವನ ಕಟ್ಟುತ್ತಿರುವವರಿಗೆ ಕೂಲಿ ಸಂದಿರಲಿಲ್ಲ, ಅದೂ ನನ್ನ ತಪ್ಪು, ಈಗ ಸಂದಿದೆ ಎಂದೆ. ಯಾರ ಹೆಸರನ್ನೂ ಹೇಳಲಿಲ್ಲ, ಯಾರಿಗೆ ಮತ ಹಾಕಬೇಕೆಂದೂ ಹೇಳಲಿಲ್ಲ. ಈ ಸಲ ಚಪ್ಪಾಳೆ ಬರಲಿಲ್ಲ.

ಇದರಿಂದ ಎಲ್ಲವೂ ಸುಖಾಂತವಾಯಿತೆಂದು ಭಾವಿಸಬೇಡಿ. ಗುತ್ತಿಗೆದಾರನ ಬಂಧುಗಳಾಗಿದ್ದ ಒಂದು ಕುಟುಂಬ ನಮ್ಮ ದೇವಾಲಯಕ್ಕೆ ಬರುವುದನ್ನೇ ಬಿಟ್ಟಿತು. 'ಫಾದರ್ ರಾಜಕೀಯ ಮಾಡುತ್ತಿದ್ದಾರೆ' ಎಂಬ ಮಾತು ಊರಲ್ಲಿ ಹರಡಿತು. ಕೆಲಸ ನಿಂತು, ಭವನ ಎರಡು ವರ್ಷ ಸೂರಿಲ್ಲದೆ ನಿಂತಿತ್ತು. ಮಳೆಗಾಲದಲ್ಲಿ ಅದರ ನೆಲದ ಮೇಲೆ ನೀರು ನಿಲ್ಲುವುದನ್ನು ನೋಡಿದಾಗ, ದುಡುಕಿದೆನೇ ಎಂದು ನನಗೂ ಅನ್ನಿಸಿದ್ದುಂಟು. ಆ ಕುಟುಂಬದ ಮನೆಗೆ ನಾನು ಮೂರು ಸಲ ಹೋದೆ. ಮೂರನೆಯ ಸಲ ಒಳಗೆ ಕರೆದು ಕಾಫಿ ಕೊಟ್ಟರು. ದೇವಾಲಯಕ್ಕೆ ಮಾತ್ರ ಬರಲಿಲ್ಲ. ನ್ಯಾಯದ ಮಾತನ್ನಾಡಿದವನಿಗೆ ಸಂಧಾನದ ಹೊಣೆಯೂ ಇರುತ್ತದೆ ಎಂಬುದನ್ನು ಆ ಮೆಟ್ಟಿಲುಗಳು ನನಗೆ ಕಲಿಸಿದವು.

ಆದುದರಿಂದ, ಪ್ರಿಯರೇ, 'ಧರ್ಮಸಭೆಗೆ ರಾಜಕೀಯ ಬೇಕೇ ಬೇಡವೇ?' ಎಂಬ ಪ್ರಶ್ನೆಯನ್ನು ನಾನೀಗ ಬೇರೆ ರೀತಿಯಲ್ಲಿ ಕೇಳಿಕೊಳ್ಳುತ್ತೇನೆ. ನಮ್ಮ ಮೌನದಿಂದ ಯಾರಿಗೆ ಲಾಭ? ನಮ್ಮ ಮಾತಿನಿಂದ ಯಾರಿಗೆ ಧೈರ್ಯ? ಮತ ಯಾರಿಗೆ ಎಂಬುದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ಅದನ್ನು ಹೇಳುವ ಅಧಿಕಾರ ನನಗಿಲ್ಲ. ಆದರೆ ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವಾಕೆಗೆ, ತೋಟದಲ್ಲಿ ದುಡಿಯುವವನಿಗೆ, ನಮ್ಮ ಶಾಲೆಗಳ ಆಯಾಗಳಿಗೆ, ಗುರುನಿವಾಸದ ಅಡುಗೆಯವರಿಗೆ ಸಲ್ಲಬೇಕಾದದ್ದು ಸಂದಿದೆಯೇ ಎಂದು ಕೇಳುವ ಅಧಿಕಾರ ಶುಭಸಂದೇಶಕ್ಕಿದೆ. ಆ ಪ್ರಶ್ನೆಯನ್ನು ಮೊದಲು ನನಗೆ ಕೇಳಿಕೊಂಡು, ಅನಂತರ ನಿಮ್ಮ ಮುಂದಿಡುತ್ತಿದ್ದೇನೆ.

ಆ ತಾಯಿ ಕೂಲಿಯ ಹಣವನ್ನು ಎಣಿಸಿಕೊಂಡು ಹೋದ ದಿನ, ಬಾಗಿಲ ಬಳಿ ನಿಂತು ಹಿಂದಿರುಗಿ ನೋಡಿ, "ಭಾನುವಾರ ಪೂಜೆಗೆ ಬರ್ತೀನಿ ಸ್ವಾಮಿ" ಎಂದರು. ಬಾರದಿರಲು ಅವರಿಗೆ ಕಾರಣವಿತ್ತು, ಆದರೂ ಬಂದರು. ಮುಂದಿನ ಭಾನುವಾರ ಪರಮಪ್ರಸಾದಕ್ಕೆ ಅವರು ಚಾಚಿದ ಕೈಯಲ್ಲಿ ಸಿಮೆಂಟಿನ ಬಿರುಕುಗಳಿದ್ದವು. ಕ್ರಿಸ್ತನ ಶರೀರವನ್ನು ಆ ಅಂಗೈಯ ಮೇಲಿಡುವಾಗ ನನ್ನ ಕೈ ನಡುಗಿತು. ಪ್ರಭು ನಮ್ಮೆಲ್ಲರನ್ನೂ ಕ್ಷಮಿಸಿ, ಕೇಳುವ ಕಿವಿಯನ್ನು ಅನುಗ್ರಹಿಸಲಿ.