ಆಟದ ಪೆಟ್ಟಿಗೆಯ ಪಾಠಾಂತರಗಳು

ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವನಿಗೆ ಪಾಠಾಂತರವೆಂಬುದು ಹೊಸ ಮಾತಲ್ಲ. ಆದರೆ ಮಕ್ಕಳಾಡುವ ಪೆಟ್ಟಿಗೆಯೊಂದಕ್ಕೂ ಮಾತೃಕೆ, ಪ್ರತಿ, ಪಾಠಭೇದಗಳಿರುವುವೆಂದು ನನಗೆ ತಿಳಿದುಬಂದದ್ದು ಉಪಾಧ್ಯಾಯ ವೃತ್ತಿಯಿಂದ ವಿಶ್ರಾಂತನಾದ ಮೇಲೆಯೇ.

ನಮ್ಮ ಪಾಲಾರು ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಇಳಿಯುವ ದಾರಿಯಲ್ಲಿ ತಮಿಳುನಾಡಿನ ಗಡಿಗೆ ತಾಗಿದ ಊರು. 1993ರ ಏಪ್ರಿಲ್ 9ರಂದು ವೀರಪ್ಪನ್ನನ ತಂಡದವರು ಹೂಳಿದ್ದ ನೆಲಬಾಂಬುಗಳು ಇಲ್ಲಿಗೆ ಸಮೀಪದಲ್ಲಿ ಸಿಡಿದು 22 ಮಂದಿ ಮಡಿದರು. ಆ ಬಳಿಕ ಹೊತ್ತು ಇಳಿಯಿತೆಂದರೆ ಮಕ್ಕಳನ್ನು ಹೊಳೆಯ ದಡಕ್ಕೆ ಬಿಡಲು ನಮಗೆ ಧೈರ್ಯವಿರಲಿಲ್ಲ. ಒಂಬತ್ತು ವರ್ಷದ ಹುಡುಗನನ್ನು ಮನೆಯೊಳಗೆ ಹಿಡಿದಿಡುವುದು ಸುಲಭವೆ? 1996ರಲ್ಲಿ ಕೊಳ್ಳೇಗಾಲಕ್ಕೆ ಹೋದವನು ಟೆಲಿವಿಷನ್ನಿಗೆ ಜೋಡಿಸುವ ವಿಡಿಯೋ ಗೇಮ್ ಪೆಟ್ಟಿಗೆಯೊಂದನ್ನು ಕೊಂಡುತಂದೆನು. “ಅಪ್ಪಟ ಜಪಾನಿನದು ಸ್ವಾಮಿ” ಎಂದಿದ್ದನು ಅಂಗಡಿಯವನು.

ಜಪಾನಿನದಲ್ಲ, ನಕಲೆಂದು ಕೆಲವು ತಿಂಗಳ ಮೇಲೆ ಸ್ನೇಹಿತರೊಬ್ಬರಿಂದ ತಿಳಿಯಿತು. ಪರೀಕ್ಷೆಯ ಕೊಠಡಿಯಲ್ಲಿ ನಕಲು ಮಾಡುವವರನ್ನು ಹಿಡಿಯುವುದರಲ್ಲೇ ಹೆಸರಾಗಿದ್ದ ನನಗೆ ಅದೊಂದು ಅವಮಾನವಾಗಿ ತೋರಿತು. ಪೆಟ್ಟಿಗೆಯನ್ನು ಕಟ್ಟಿ ಅಟ್ಟಕ್ಕೇರಿಸಿಬಿಟ್ಟೆನು. ಹುಡುಗನು ಅಳಲಿಲ್ಲ, ಸಂಜೆಯ ಹೊತ್ತು ಕಿಟಕಿಯ ಸರಳು ಹಿಡಿದು ರಸ್ತೆ ನೋಡುತ್ತ ನಿಲ್ಲತೊಡಗಿದನು. ಹೊರಗೆ ಬಿಡದವನೂ ನಾನೇ, ಒಳಗಿನ ಆಟ ಕಿತ್ತುಕೊಂಡವನೂ ನಾನೇ.

ಆ ಮಗನೀಗ ಜಪಾನಿನಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ದೀಪಾವಳಿಗೆ ಬಂದವನು ಆ ಪೆಟ್ಟಿಗೆಯ ವಂಶಾವಳಿಯನ್ನೆಲ್ಲ ನನಗೆ ವಿವರಿಸಿದನು. ಇದರ ಮೂಲವು ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್. 1983ರ ಜುಲೈ 15ರಂದು 14,800 ಯೆನ್ ಬೆಲೆಗೆ ಮಾರಾಟಕ್ಕೆ ಬಂದಿತು. ಬಿಳಿ ಮೈ, ಕೆಂಪು ಅಂಚು. ಕೈಹಿಡಿಗಳ ತಂತಿಗಳು ಪೆಟ್ಟಿಗೆಯ ಒಳಕ್ಕೇ ಬೆಸೆದಿದ್ದುವು; ಎರಡನೆಯ ಕೈಹಿಡಿಯಲ್ಲಿ ಮಾತಾಡುವುದಕ್ಕೊಂದು ಪುಟ್ಟ ಮೈಕು ಬೇರೆ! ಮೊದಮೊದಲು ಗುಂಡಿಗಳು ಚೌಕಾಕಾರದ ಮೆದು ರಬ್ಬರಿನವು. ಒತ್ತಿದರೆ ಸಿಕ್ಕಿಕೊಳ್ಳುತ್ತಿದ್ದುವಾದ್ದರಿಂದ ಗಟ್ಟಿ ಪ್ಲಾಸ್ಟಿಕ್ಕಿನ ದುಂಡು ಗುಂಡಿಗಳು ಬಂದುವು. ಒಳಗಿನ ಚಿಪ್ಪಿನ ದೋಷದಿಂದ ಆಟವು ನಡುವೆಯೇ ಸ್ತಬ್ಧವಾಗುತ್ತಿದ್ದುದರಿಂದ ಕಂಪನಿಯು ಆದಿಯ ಪೆಟ್ಟಿಗೆಗಳನ್ನು ಹಿಂದಕ್ಕೆ ಪಡೆದು ದುರಸ್ತಿ ಮಾಡಿಕೊಟ್ಟಿತಂತೆ. ಮಾತೃಕೆಯಲ್ಲಿಯೇ ಸ್ಖಾಲಿತ್ಯ!

1985ರಲ್ಲಿ ಅದೇ ಯಂತ್ರವು ಬೂದು ಬಣ್ಣದ ದೊಡ್ಡ ಪೆಟ್ಟಿಗೆಯಾಗಿ ಅಮೆರಿಕಕ್ಕೆ ಹೋಯಿತು. ಅಲ್ಲಿ ಮೈಕಿಲ್ಲ, ಪರರ ಕ್ಯಾಸೆಟ್ಟುಗಳನ್ನು ತಡೆಯಲು ಬೀಗದಂಥ ಚಿಪ್ಪೊಂದುಂಟು, ಕ್ಯಾಸೆಟ್ಟಿನ ಹಲ್ಲುಗಳು ಜಪಾನಿನಲ್ಲಿ 60 ಇದ್ದುದು ಇಲ್ಲಿ 72 ಆದುವು. ನಮ್ಮ ನಕಲಿನಲ್ಲಿಯೋ? ಎಣಿಸಿ ನೋಡಿದೆವು: ಸರಿಯಾಗಿ 60. ಕಂಪನಿಯೇ ಹೊರಡಿಸಿದ ಅಮೆರಿಕದ ಪಾಠಕ್ಕಿಂತ ಯಾರೋ ಹೆಸರಿಲ್ಲದ ಲಿಪಿಕಾರನ ಪ್ರತಿಯೇ ಈ ಒಂದು ವಿಷಯದಲ್ಲಿ ಮೂಲಕ್ಕೆ ಹತ್ತಿರ!

ಮಗನು ತಂದಿದ್ದುದು 1993ರಲ್ಲಿ ಹೊರಟ ಪರಿಷ್ಕೃತ ಫ್ಯಾಮಿಕಾಮ್. ಹಳೆಯದರ ಚಿತ್ರವನ್ನು ಏರಿಯಲ್ ಮಾರ್ಗವಾಗಿ ಹಿಡಿಯಬೇಕು, ಅದೂ ಜಪಾನಿನ ಚಾನೆಲ್ಲುಗಳಲ್ಲಿ. ಇದಕ್ಕೆ ನೇರವಾದ ವಿಡಿಯೋ ತಂತಿಯುಂಟು. ಜಪಾನಿನ 100 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರನ್ನೂ ಅವನು ತಂದಿದ್ದನು. ಅಟ್ಟದಿಂದಿಳಿಸಿದ ಹಳೆಯ ಕ್ಯಾಸೆಟ್ಟನ್ನು ಸೇರಿಸಿದೊಡನೆ ಮಾರಿಯೋ ಪ್ರತ್ಯಕ್ಷನಾದನು. ಮಗನು ಹುರುಪಿನಿಂದ ಆಡಹೊರಟನು. ಮೊದಲ ಹಳ್ಳದಲ್ಲಿಯೇ ಬಿದ್ದನು. ಮತ್ತೊಮ್ಮೆಯೂ ಬಿದ್ದನು. ಸ್ವಲ್ಪ ಹೊತ್ತು ಯೋಚಿಸಿ ನಕ್ಕನು. ಜಪಾನಿನ ಟೆಲಿವಿಷನ್ನು ಸೆಕೆಂಡಿಗೆ 60 ಸಲ ಚಿತ್ರವನ್ನು ಬರೆದರೆ ನಮ್ಮದು 50 ಸಲ; ನಮ್ಮ ದೇಶಕ್ಕೆ ಹೊಂದಿಸಿದ ಆ ನಕಲಿನಲ್ಲಿ ಆಟವೇ ಅಷ್ಟು ನಿಧಾನವಾಗಿ ಓಡುತ್ತಿದ್ದಿತು. ಅವನ ಬೆರಳುಗಳು ಕಲಿತಿದ್ದುದು ವಿಲಂಬದ ಪಾಠ.

“ಅಪ್ಪ, ಆ ಪೆಟ್ಟಿಗೆಯೂ ಅಟ್ಟದಲ್ಲೇ ಇದೆಯೆ?”

ಇದ್ದಿತು. ಏಣಿಯನ್ನು ನಾನೇ ಹತ್ತಿದೆನು. ಧೂಳೊರೆಸಿ, ಸಡಿಲವಾಗಿದ್ದ ತಂತಿಯನ್ನು ಅವನು ಬಿಗಿದು ಜೋಡಿಸಿದಾಗ ಮೂರನೆಯ ಪ್ರಯತ್ನಕ್ಕೆ ದೀಪ ಹತ್ತಿತು. ಹಳ್ಳ ಬಂದಿತು, ಹಾರಿ ದಾಟಿದನು. ಎರಡನೆಯ ಕೈಹಿಡಿಯನ್ನು ನನ್ನ ಕಡೆಗೆ ನೀಡಿ, “ಈಗ ನಿಮ್ಮ ಸರದಿ” ಎಂದನು.