ಪ್ರೊಸೆಸರಿಗೆ ಜ್ವರ ಬಂದಾಗ...

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ. ಸಾಂಬ್ರಾದ ಬಿಸಿಲು ಗೊತ್ತಲ್ಲ, ಫ್ಯಾನ್ ಹಾಕಿದರೂ ಬಿಸಿ ಗಾಳಿಯೇ. ಪಕ್ಕದ ಮನೆಯ ಹುಡುಗ ಮುಖ ಸಣ್ಣದು ಮಾಡಿಕೊಂಡು ಬಂದ. ಇಂಜಿನಿಯರಿಂಗ್ ಕೊನೇ ವರ್ಷ.

"ಕಾಕಾ, ಪ್ರಾಜೆಕ್ಟ್ ವಿಡಿಯೋ ರೆಂಡರ್ ಆಗವಲ್ದು. ಅಂಗಡ್ಯಾಗ ಪ್ರೊಸೆಸರ್ ಹೋಗೇತಿ, ಹೊಸಾ ಮಷೀನ್ ತಗೋರಿ ಅಂದ್ರು. ಅಪ್ಪ ಸೊಸೈಟಿ ಸಾಲ ಕೇಳಾಕ ಹೋಗ್ಯಾನ."

ಸಾಲ ಅಂದ ಕೂಡಲೇ ನಾನು ಎದ್ದೆ. ಪ್ರೊಸೆಸರ್ ಅಷ್ಟು ಸುಲಭಕ್ಕೆ ಸಾಯುವ ವಸ್ತುವಲ್ಲ.

ಅವನದು ಇಂಟೆಲ್ ಐ5-8400. ಇದಕ್ಕೆ ಕಂಪನಿ ಹಾಕಿದ ಮಿತಿ 100 ಡಿಗ್ರಿ ಸೆಲ್ಸಿಯಸ್. ಅಲ್ಲಿಗೆ ಮುಟ್ಟಿದರೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಂಡು ಜೀವ ಉಳಿಸಿಕೊಳ್ಳುತ್ತದೆ. ನಮಗೆ ಅದು 'ಸ್ಲೋ' ಆದಂತೆ ಕಾಣುತ್ತದೆ, ಅಷ್ಟೆ.

ಮೊದಲು ಗೋಡೆಯ ಥರ್ಮಾಮೀಟರ್ ನೋಡಿದೆ: ಕೋಣೆಯಲ್ಲಿ 34 ಡಿಗ್ರಿ. ಎಚ್‌ಡಬ್ಲ್ಯೂಇನ್ಫೋ ತೆರೆದರೆ ಸುಮ್ಮನೆ ಕೂತ ಪ್ರೊಸೆಸರ್ 61. ಪ್ರೈಮ್95 ಓಡಿಸಿ ಪೂರ್ತಿ ಕೆಲಸ ಕೊಟ್ಟೆ. ಅರ್ಧ ನಿಮಿಷವೂ ಆಗಿಲ್ಲ, 100! ವೇಗ 3.8 ಗಿಗಾಹರ್ಟ್ಸ್‌ನಿಂದ 2ಕ್ಕಿಂತ ಕೆಳಗೆ. ಕೂಡಲೇ ನಿಲ್ಲಿಸಿದೆ.

ಡಬ್ಬ ಬಿಚ್ಚಿದೆವು. ಬಾಗಲಕೋಟೆ ರಸ್ತೆಯ ಧೂಳೆಲ್ಲ ಫ್ಯಾನಿನ ಕೆಳಗೆ ಕಂಬಳಿಯಾಗಿ ಕೂತಿತ್ತು. ಫ್ಯಾನ್ ಹಿಡಿದಿಡುವ ನಾಲ್ಕು ಪಿನ್‌ಗಳಲ್ಲಿ ಒಂದು ಮೇಲೆದ್ದಿತ್ತು. ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಈ ಪೇಸ್ಟಿನ ಕೆಲಸ ಚಿಪ್ಪಿಗೂ ಅಲ್ಯೂಮಿನಿಯಂ ಹೀಟ್‌ಸಿಂಕಿಗೂ ನಡುವೆ ಕಣ್ಣಿಗೆ ಕಾಣದ ಸಂದುಗಳನ್ನು ತುಂಬುವುದು. ಸಂದಿನಲ್ಲಿ ಗಾಳಿ ಉಳಿದರೆ ಬಿಸಿ ದಾಟುವುದಿಲ್ಲ.

ಬ್ರಷ್‌ನಿಂದ ಧೂಳು ತೆಗೆದು, ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ಹಚ್ಚಿ, ನಾಲ್ಕೂ ಪಿನ್ 'ಟಕ್' ಅನ್ನುವಂತೆ ಒತ್ತಿದೆವು. ಅದೇ ಕೋಣೆ, ಅದೇ 34 ಡಿಗ್ರಿ. ಅರ್ಧ ಗಂಟೆ ಪ್ರೈಮ್95 ಓಡಿದರೂ 79 ದಾಟಲಿಲ್ಲ. ವೇಗವೂ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಹುಡುಗ ತಾನೇ ಇನ್ನೊಮ್ಮೆ ಪರೀಕ್ಷೆ ಮಾಡಿ ಓಡಿ ಬಂದ. "ಕಾಕಾ, ಈಗ ಬರೇ 68!" ಕೋಣೆ ಎಷ್ಟಿತ್ತೋ ಅಂದೆ. 23 ಅಂದ. ಕಳೆದು ನೋಡು ಅಂದೆ. ನಿನ್ನೆಯೂ 45, ಇವತ್ತೂ 45 :)

ನಾನು ಹೇಳಬೇಕೆಂದಿದ್ದು ಇದೇ. ನಮ್ಮ ಮೈ ಜ್ವರ ಬೇಸಿಗೆಯಿರಲಿ ಚಳಿಯಿರಲಿ ಒಂದೇ ಲೆಕ್ಕ. ಪ್ರೊಸೆಸರಿನದು ಹಾಗಲ್ಲ, ಕೋಣೆಯ ಬಿಸಿಯ ಮೇಲೆ ಅದು ಏರುತ್ತದೆ. ಕೋಣೆ ಎಷ್ಟು, ಕೆಲಸ ಎಷ್ಟು ಅಂತ ಕೇಳದೆ ಬರೀ ಒಂದು ಅಂಕಿ ನೋಡಿ ಹೆದರಬಾರದು, ನೆಮ್ಮದಿಯನ್ನೂ ಪಡಬಾರದು. 2022ರಲ್ಲಿ ಬಂದ ಎಎಂಡಿ ರೈಜನ್ 7000 ಸಾಲಿನ ದೊಡ್ಡ ಚಿಪ್‌ಗಳಂತೂ ಪೂರ್ತಿ ಕೆಲಸದಲ್ಲಿ 95ರವರೆಗೆ ಹೋಗುವುದೇ ಸಹಜ ಎಂದು ಕಂಪನಿಯೇ ಹೇಳಿದೆ.

ಅಂದ ಹಾಗೆ, ನಮ್ಮ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 758 ಮೀಟರ್ ಎತ್ತರದಲ್ಲಿದೆ. ಕಾರವಾರಕ್ಕಿಂತ ಇಲ್ಲಿ ಗಾಳಿ ತುಸು ತೆಳು, ಫ್ಯಾನ್ ಅಷ್ಟರಮಟ್ಟಿಗೆ ಕಡಿಮೆ ತಂಪು ಮಾಡುತ್ತದೆ. ಆದರೆ ಧೂಳಿನ ಕಾಟದ ಮುಂದೆ ಅದು ಯಾವ ಲೆಕ್ಕ!

ಸಂಜೆ ಹುಡುಗನ ಅಪ್ಪ ಬಾಗಿಲಲ್ಲಿ ನಿಂತು, "ಸಾಲದ ಕಾಗದಕ್ಕ ಇನ್ನೂ ಸಹಿ ಹಾಕಿರಲಿಲ್ರಿ" ಅಂದರು. ಮುಂದೆ ಏನೂ ಹೇಳಲಿಲ್ಲ. ಒಂದು ಪೊಟ್ಟಣ ಕುಂದಾ ಕೈಗಿಟ್ಟು ಹೋದರು.