ಮಸಿಯಿಂದ ಬಣ್ಣಕ್ಕೆ: ನಿತ್ಯದ ಬರಹದಲ್ಲಿ ವರ್ಣಶಾಯಿ

ಬರೆಯುವ ದ್ರವಕ್ಕೆ ಕನ್ನಡದಲ್ಲಿ ಎರಡು ಹೆಸರುಗಳು ಬಳಕೆಯಲ್ಲಿವೆ: ಮಸಿ ಮತ್ತು ಶಾಯಿ. ಮಸಿ ಎಂಬುದು ಸಂಸ್ಕೃತದಲ್ಲಿಯೂ ಇರುವ ಪದ; ಪಾತ್ರೆಯ ತಳಕ್ಕೆ ಹತ್ತುವ ಕರಿಯನ್ನೂ ಅದೇ ಪದ ಸೂಚಿಸುತ್ತದೆ. ಶಾಯಿ ಎಂಬುದು ಪಾರಸಿಯ ‘ಸಿಯಾಹಿ’ಯಿಂದ ಬಂದದ್ದು, ‘ಸಿಯಾಹ್’ ಎಂದರೆ ಕಪ್ಪು. ಒಂದು ಈ ನೆಲದ ಹಳೆಯ ಮಾತು, ಇನ್ನೊಂದು ಆಡಳಿತದ ಜೊತೆಗೆ ಬಂದ ಮಾತು. ಎರಡೂ ಹೇಳುವುದು ಕಪ್ಪನ್ನೇ. ‘ಕೆಂಪು ಶಾಯಿ’, ‘ಹಸಿರು ಮಸಿ’ ಎಂದು ನುಡಿಯುವಾಗ ಮಾತು ತನ್ನ ಅರ್ಥಕ್ಕೆ ತಾನೇ ವಿರುದ್ಧವಾಗಿ ನಿಲ್ಲುತ್ತದೆ. ಆದರೂ ಕೇಳುವವರಿಗೆ ಅದು ಅಸಹಜವೆನಿಸುವುದಿಲ್ಲ. ಬರಹವೆಂದರೆ ಕಪ್ಪು ಎಂಬ ಭಾವನೆ ಎಷ್ಟು ಹಳೆಯದು, ಅದು ಸಡಿಲಗೊಂಡು ಎಷ್ಟು ಕಾಲವಾಯಿತು ಎಂಬುದಕ್ಕೆ ಈ ಪದಗಳೇ ಸಾಕ್ಷಿ.

ಇಂದು ಫೌಂಟನ್ ಪೆನ್ ಹಿಡಿಯುವವರ ಮುಂದೆ ಇರುವುದು ನೂರಾರು ಬಣ್ಣಗಳು. ಬಾಲ್‌ಪೆನ್ನಿನ ಮುಂದೆ ಸೋತು ಕಚೇರಿ ಶಾಲೆಗಳಿಂದ ನಿರ್ಗಮಿಸಿದ ಫೌಂಟನ್ ಪೆನ್, ಅಗತ್ಯದ ವಸ್ತುವಾಗಿ ಅಲ್ಲದೆ ಪ್ರೀತಿಯ ವಸ್ತುವಾಗಿ ಮರಳಿತು. ತನ್ನ ಜೊತೆಗೆ ಶಾಯಿಯನ್ನೂ ಕರೆತಂದಿತು. ಜಪಾನಿನ ಪೈಲಟ್ ಸಂಸ್ಥೆ 2007ರಲ್ಲಿ ‘ಇರೋಶಿಜುಕು’ ಎಂಬ ಶಾಯಿಗಳ ಮಾಲೆಯನ್ನು ಹೊರತಂದಿತು. ಅದರ ಹೆಸರುಗಳು ಬೆಳದಿಂಗಳ ರಾತ್ರಿ, ಮಾಗಿದ ಕಾಡುದ್ರಾಕ್ಷಿ, ಬಿದಿರಿನ ಇದ್ದಿಲು, ಸಂಜೆಯ ಕೆಂಪು ಮುಂತಾಗಿ ಋತುವರ್ಣನೆಯ ಪದ್ಯಗಳಿಂದ ಆಯ್ದಂತೆ ಕಾಣುತ್ತವೆ. 1995ರ ಭೂಕಂಪದಿಂದ ಚೇತರಿಸಿಕೊಂಡ ಕೋಬೆ ನಗರದಲ್ಲಿ ಒಂದು ಲೇಖನಸಾಮಗ್ರಿಯ ಅಂಗಡಿ ಊರಿನ ಒಂದೊಂದು ಪ್ರದೇಶದ ಹೆಸರಿನಲ್ಲಿ ಒಂದೊಂದು ಶಾಯಿಯನ್ನು ಮಾಡಿಸಿತು. ನೆರವಾದವರಿಗೆ ಊರು ಸಲ್ಲಿಸಿದ ಕೃತಜ್ಞತೆ ಅದು. ಬಣ್ಣದಿಂದ ಬಣ್ಣಕ್ಕೆ ಹೋಗುತ್ತ ಹಿಂದಿರುಗಲಾಗದ ಸ್ಥಿತಿಯನ್ನು ಅಲ್ಲಿನವರು ‘ಶಾಯಿಯ ಜೌಗು’ ಎಂದೇ ಕರೆಯುತ್ತಾರೆ. ನಮ್ಮ ದೇಶದಲ್ಲಿಯೂ ಸ್ವದೇಶಿ ಚಳವಳಿಯ ಕಾಲದಲ್ಲಿ, 1934ರಲ್ಲಿ ರಾಜಶಾಹಿಯಲ್ಲಿ ಹುಟ್ಟಿದ ಸುಲೇಖಾ ಶಾಯಿ ದೀರ್ಘಕಾಲ ನಿಂತುಹೋಗಿದ್ದು, ಈಚೆಗೆ ಹಲವು ಬಣ್ಣಗಳೊಡನೆ ಮತ್ತೆ ಬಂದಿದೆ. ಚೆಲ್‌ಪಾರ್ಕ್, ಬ್ರಿಲ್, ಕ್ಯಾಮಲ್ ಸೀಸೆಗಳ ನೀಲಿಯಲ್ಲಿ ಬರೆದು ಬೆಳೆದ ತಲೆಮಾರಿಗೆ ಈ ಸಮೃದ್ಧಿ ಹೊಸದು. ಇದರಲ್ಲಿ ನಿತ್ಯದ ಬರಹಕ್ಕೆ ಒದಗುವುದು ಯಾವುದು ಎಂಬ ಪ್ರಶ್ನೆ ಹುಟ್ಟುವುದು ಸಹಜ. ಅದಕ್ಕೆ ಉತ್ತರ ಹುಡುಕುವ ಮುನ್ನ, ಬಣ್ಣ ಬರಹದೊಳಗೆ ಬಂದ ದಾರಿಯನ್ನು ನೋಡಬೇಕು.

ಕರ್ನಾಟಕದ ಹಳೆಯ ಬರಹದಲ್ಲಿ ಶಾಯಿಯ ಪಾತ್ರ ಒಂದೇ ಬಗೆಯದಲ್ಲ. ಓಲೆಗರಿಯ ಮೇಲೆ ಕಂಟದಿಂದ ಅಕ್ಷರವನ್ನು ಕೊರೆದು, ಅನಂತರ ಮಸಿಯನ್ನು ಬಳಿದು ಒರೆಸುವುದು ದಕ್ಷಿಣದ ಸಾಮಾನ್ಯ ಪದ್ಧತಿ. ಅಲ್ಲಿ ಅಕ್ಷರದ ಅಸ್ತಿತ್ವ ಕೊರೆತದಲ್ಲಿ; ಮಸಿ ಅದನ್ನು ಕಾಣಿಸುವ ಸಾಧನ ಮಾತ್ರ. ಮಸಿ ಮಾಸಿದರೆ ಮತ್ತೆ ಬಳಿಯಬಹುದು. ಮೂಡಬಿದಿರೆಯ ಧವಲಾ ಪ್ರತಿಗಳು ಇದಕ್ಕೆ ವಿಶಿಷ್ಟ ಅಪವಾದ. ಅವುಗಳ ಅಕ್ಷರಗಳು ಕೊರೆದವಲ್ಲ, ಶಾಯಿಯಿಂದ ಬರೆದವು, ಜೊತೆಗೆ ಬಣ್ಣದ ಚಿತ್ರಗಳೂ ಇವೆ. ವರ್ತಕರು ಬಳಸಿದ ಕಡತವಂತೂ ಬರಹದ ಕ್ರಮವನ್ನೇ ತಿರುಗಿಸಿತು. ಹುಣಿಸೆಬೀಜದ ಅಂಟಿಗೆ ಇದ್ದಿಲಿನ ಪುಡಿಯನ್ನು ಸೇರಿಸಿ ಬಟ್ಟೆಗೆ ಬಳಿದು, ಆ ಕಪ್ಪು ಹಾಳೆಯ ಮೇಲೆ ಬಳಪದಿಂದ ಬೆಳ್ಳಗೆ ಬರೆಯಲಾಗುತ್ತಿತ್ತು. ಅಳಿಸಬಹುದಾದ ಲೆಕ್ಕಕ್ಕೆ ಕಡತ, ಉಳಿಯಬೇಕಾದ ಶಾಸ್ತ್ರಕ್ಕೆ ಓಲೆ. ಯಾವ ಬರಹ ಎಷ್ಟು ಕಾಲ ಬಾಳಬೇಕು ಎಂಬ ವಿವೇಕ ಸಾಮಗ್ರಿಯ ಆಯ್ಕೆಯಲ್ಲಿಯೇ ಅಡಗಿತ್ತು.

ಬಣ್ಣದ ಶಾಯಿಯ ವಿಸ್ತಾರವಾದ ಬಳಕೆ ಕಾಣುವುದು ಪಶ್ಚಿಮ ಭಾರತದ ಕಾಗದದ ಹಸ್ತಪ್ರತಿಗಳಲ್ಲಿ. ಕಲ್ಪಸೂತ್ರದ ವೈಭವದ ಪ್ರತಿಗಳಲ್ಲಿ ಕೆಂಪು ಅಥವಾ ನೀಲಿ ನೆಲದ ಮೇಲೆ ಚಿನ್ನದ ಅಕ್ಷರಗಳಿವೆ. ಆದರೆ ಅವುಗಳಿಗಿಂತ ಹೆಚ್ಚು ಗಮನಿಸಬೇಕಾದವು ಸಾಧಾರಣ ಪ್ರತಿಗಳು. ಅಲ್ಲಿ ಪಾಠವೆಲ್ಲ ಕಾಡಿಗೆಯ ಕಪ್ಪಿನಲ್ಲಿರುತ್ತದೆ; ಪದ್ಯಸಂಖ್ಯೆ, ದಂಡ, ಅಧ್ಯಾಯದ ಮುಕ್ತಾಯಗಳಿಗೆ ಇಂಗಳೀಕದ ಕೆಂಪು; ಕಣ್ಣಿಗೆ ಬೀಳಬೇಕಾದ ಪದದ ಮೇಲೆ ಕಾವಿಯ ತೆಳುವಾದ ಲೇಪ; ತಪ್ಪಿದ ಅಕ್ಷರವನ್ನು ಮುಚ್ಚಲು ಹರಿತಾಳದ ಹಳದಿ. ಲಿಪಿಕಾರ ಬಣ್ಣವನ್ನು ಅಲಂಕಾರಕ್ಕಿಂತ ಮುಖ್ಯವಾಗಿ ಓದುಗನ ಸೌಕರ್ಯಕ್ಕಾಗಿ ಬಳಸಿದ್ದಾನೆ. ಇನ್ನೊಂದು ಸೂಕ್ಷ್ಮವೂ ಇದೆ. ಕೆಂಪು ದಂಡದಲ್ಲಿ ಕೆಂಪು ಮಾಸಿದರೂ ದಂಡ ಉಳಿಯುತ್ತದೆ. ಕಾವಿ ಅಳಿದರೂ ಪದ ಉಳಿಯುತ್ತದೆ. ಬಣ್ಣ ಅರ್ಥಕ್ಕೆ ಒತ್ತಾಸೆಯಾಗಿ ನಿಂತಿದೆಯೇ ಹೊರತು ಅರ್ಥದ ಏಕೈಕ ಆಧಾರವಾಗಿಲ್ಲ.

ಯುರೋಪಿನ ದಾರಿ ಬೇರೆ. ಅಲ್ಲಿ ಶತಮಾನಗಳ ಕಾಲ ಆಳಿದ್ದು ಮಾಚಿಕಾಯಿ ಮತ್ತು ಅನ್ನಭೇದಿಗಳ ಶಾಯಿ. ಮಾಚಿಕಾಯಿಯ ಒಗರು ಕಬ್ಬಿಣದ ಲವಣದೊಡನೆ ಕೂಡಿ ಉಂಟಾಗುವ ಈ ದ್ರವ ಬರೆಯುವಾಗ ಪೇಲವವಾಗಿರುತ್ತದೆ. ಗಾಳಿಯ ಸಂಪರ್ಕದಿಂದ ಕ್ರಮೇಣ ಕಪ್ಪಾಗಿ ಕಾಗದದ ನಾರಿನೊಳಗೆ ನೆಲೆಗೊಳ್ಳುತ್ತದೆ. ಬರೆಯುತ್ತಿರುವಾಗಲೇ ಅಕ್ಷರ ಕಾಣಲೆಂದು 19ನೆಯ ಶತಮಾನದಲ್ಲಿ ಅದಕ್ಕೆ ನೀಲಿಯನ್ನು ಬೆರೆಸಿದರು. ಬರೆದಾಗ ನೀಲಿ, ಆರಿದ ಮೇಲೆ ಕಪ್ಪು. ‘ಬ್ಲೂ ಬ್ಲ್ಯಾಕ್’ ಎಂಬ ಹೆಸರಿನ ಮೂಲ ಇದು. ಅದು ಒಂದು ಬಣ್ಣದ ಹೆಸರೆಂದೇ ಇಂದು ತಿಳಿಯಲಾಗಿದೆ. ಮೊದಲು ಅದು ಒಂದು ಪರಿವರ್ತನೆಯ ಹೆಸರಾಗಿತ್ತು.

1856ರಲ್ಲಿ ಲಂಡನ್ನಿನಲ್ಲಿ ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಮಲೇರಿಯಾದ ಔಷಧವಾದ ಕ್ವಿನೈನನ್ನು ಕೃತಕವಾಗಿ ತಯಾರಿಸಲು ಹೊರಟು, ಆಕಸ್ಮಿಕವಾಗಿ ಒಂದು ನೇರಳೆ ವರ್ಣದ್ರವ್ಯವನ್ನು ಪಡೆದ. ಕಲ್ಲಿದ್ದಲ ಡಾಂಬರಿನಿಂದ ಬಣ್ಣಗಳನ್ನು ತೆಗೆಯುವ ಉದ್ಯಮ ಅಲ್ಲಿಂದ ಬೆಳೆಯಿತು. 1884ರಲ್ಲಿ ಅಮೆರಿಕದ ವಾಟರ್‌ಮನ್ ತನ್ನ ಫೌಂಟನ್ ಪೆನ್ನಿಗೆ ಪೇಟೆಂಟ್ ಪಡೆದ. ಇವೆರಡೂ ಸಂಧಿಸಿದ್ದು ಅನಿವಾರ್ಯವಾಗಿತ್ತು. ಈ ಪೆನ್ನಿನಲ್ಲಿ ಶಾಯಿ ಕೂದಲೆಳೆಯಂತಹ ನಾಲೆಗಳ ಮೂಲಕ ಮೊನೆಗೆ ಹರಿಯಬೇಕು. ಕಾಡಿಗೆ ಮತ್ತು ಗೋಂದಿನ ಹಳೆಯ ಮಸಿ ಅಲ್ಲಿ ಗಟ್ಟಿಕಟ್ಟಿ ನಾಲೆಯನ್ನೇ ಮುಚ್ಚುತ್ತದೆ. ನೀರಿನಲ್ಲಿ ಪೂರ್ಣವಾಗಿ ಕರಗುವ ಬಣ್ಣವೇ ಬೇಕು. ಹೀಗೆ ಪೆನ್ನಿನ ರಚನೆಯೇ ಮಸಿಯನ್ನು ಹೊರಗಿಟ್ಟು ಬಣ್ಣವನ್ನು ಒಳಕ್ಕೆ ಕರೆಯಿತು. ಕಣಗಳ ಜಾಗಕ್ಕೆ ಕರಗಿದ ವರ್ಣ ಬಂದಿತು. ಅದರೊಡನೆ ಸಾವಿರ ಛಾಯೆಗಳು ಬಂದವು, ಅವುಗಳ ಅಲ್ಪಾಯುಷ್ಯವೂ ಬಂದಿತು.

ಬಣ್ಣ ದೊರೆತ ಮಾತ್ರಕ್ಕೆ ಎಲ್ಲರೂ ಅದರಲ್ಲಿ ಬರೆಯುವಂತಾಗಲಿಲ್ಲ. ಶಾಯಿಯ ಬಣ್ಣಕ್ಕೂ ಅಧಿಕಾರಕ್ಕೂ ಇರುವ ನಂಟು ಪುರಾತನವಾದದ್ದು. ಪೂರ್ವ ರೋಮ್ ಸಾಮ್ರಾಜ್ಯದಲ್ಲಿ ಚಕ್ರವರ್ತಿಯ ಸಹಿಯ ಕೆನ್ನೇರಳೆ ಶಾಯಿಯನ್ನು ಇತರರು ಬಳಸಕೂಡದೆಂದು 470ರಲ್ಲಿ ಶಾಸನವೇ ಆಯಿತು. ಭಾರತ ಸರ್ಕಾರದ ಕಚೇರಿ ಕಾರ್ಯವಿಧಾನದ ಕೈಪಿಡಿಯ ಪ್ರಕಾರ ಕಡತಗಳಲ್ಲಿ ಎಲ್ಲರೂ ಕಪ್ಪು ಅಥವಾ ನೀಲಿಯಲ್ಲಿ ಬರೆಯಬೇಕು. ಜಂಟಿ ಕಾರ್ಯದರ್ಶಿ ಮತ್ತು ಅದಕ್ಕೂ ಮೇಲಿನವರು ಮಾತ್ರ ಅಪರೂಪಕ್ಕೆ ಹಸಿರನ್ನೋ ಕೆಂಪನ್ನೋ ಬಳಸಬಹುದು. ಹಸಿರು ಸಹಿಯನ್ನು ಕಂಡೊಡನೆ ಅಧಿಕಾರಿಯನ್ನು ನೆನೆಯುವ ಅಭ್ಯಾಸ ನಮ್ಮ ಜನಕ್ಕೆ ಬಂದಿರುವುದು ಅಕಾರಣವಲ್ಲ. ಶಾಲೆಯಲ್ಲಿಯೂ ಇದೇ ಕ್ರಮ: ವಿದ್ಯಾರ್ಥಿಗೆ ನೀಲಿ, ಮೌಲ್ಯಮಾಪಕನಿಗೆ ಕೆಂಪು. ಉತ್ತರಿಸುವ ಕೈಗೆ ಒಂದು ಬಣ್ಣ, ತೀರ್ಪು ನೀಡುವ ಕೈಗೆ ಇನ್ನೊಂದು. ಹದಿನೈದಿಪ್ಪತ್ತು ವರ್ಷ ಹೀಗೆ ಬರೆದ ಕೈ, ಯಾರ ಅನುಮತಿಯೂ ಬೇಡವಾದ ತನ್ನ ಸ್ವಂತ ದಿನಚರಿಯಲ್ಲಿಯೂ ನೀಲಿಯನ್ನೇ ಹುಡುಕುತ್ತದೆ.

ಈ ಗೆರೆಯನ್ನು ಸದ್ದಿಲ್ಲದೆ ದಾಟಿದವರೂ ಇದ್ದಾರೆ. ಲೂಯಿಸ್ ಕ್ಯಾರಲ್ ಎಂದು ಪ್ರಸಿದ್ಧನಾದ ಆಕ್ಸ್‌ಫರ್ಡಿನ ಗಣಿತಾಧ್ಯಾಪಕ 1870ರಿಂದ ಸುಮಾರು ಎರಡು ದಶಕ ನೇರಳೆ ಶಾಯಿಯಲ್ಲಿ ಬರೆದ. ಅವನ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಲೆಕ್ಕಗಳನ್ನು ತಿದ್ದುತ್ತಿದ್ದುದು ಆ ಬಣ್ಣದಲ್ಲಿ ಎನ್ನಲಾಗುತ್ತದೆ. ತಿದ್ದುವ ಶಾಯಿ ಕಾಗದ ಬರೆಯುವ ಶಾಯಿಯಾಯಿತು. ವರ್ಜೀನಿಯಾ ವುಲ್ಫ್‌ಗೂ ನೇರಳೆ ಪ್ರಿಯವಾಗಿತ್ತು. ಪಾಬ್ಲೊ ನೆರೂಡ ಹಸಿರಿನಲ್ಲಿ ಬರೆಯುತ್ತಿದ್ದ. ಇವರಿಗೆ ಬಣ್ಣ ಪದವಿಯ ಗುರುತಾಗಿರಲಿಲ್ಲ. ಬರೆಯಲು ಕೂರುವ ಮನಸ್ಸಿಗೆ ಒಂದು ಆಹ್ವಾನವಾಗಿತ್ತು.

ನಿತ್ಯದ ಬರಹಕ್ಕೆ ಬಣ್ಣವನ್ನು ಆಯ್ದುಕೊಳ್ಳುವವರು ಸೀಸೆಯಲ್ಲಿ ಕಾಣುವ ಬಣ್ಣವನ್ನು ನಂಬಬಾರದು. ಸೀಸೆಯಲ್ಲಿ ಬಹುತೇಕ ಗಾಢ ಶಾಯಿಗಳು ಕಪ್ಪಾಗಿಯೇ ತೋರುತ್ತವೆ. ಕಾಗದದ ಮೇಲೆ ಒಂದು ಪುಟ ಬರೆದು, ಆರಿದ ಮೇಲೆ ರಾತ್ರಿಯ ದೀಪದಲ್ಲಿ ಓದಿ ನೋಡಬೇಕು. ಹಳದಿ, ತೆಳುಗಿತ್ತಳೆ, ತಿಳಿಗುಲಾಬಿಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಅಡಿಗೆರೆಗೆ ಅವು ಸಲ್ಲಬಹುದು, ಪುಟಕ್ಕೆ ಸಲ್ಲವು. ಗಾಢವಾದ ಹಸಿರು, ಕಂದು, ಕೆನ್ನೇರಳೆ, ನೀಲಿಹಸಿರು, ದ್ರಾಕ್ಷಿಯ ಕೆಂಪು ದಿನವಿಡೀ ಓದಿದರೂ ಕಣ್ಣನ್ನು ದಣಿಸವು. ಕನ್ನಡ ಲಿಪಿಗೆ ಬಣ್ಣದ ಶಾಯಿ ವಿಶೇಷವಾಗಿ ಒದಗುತ್ತದೆ. ಗುಂಡಾದ ಅಕ್ಷರವನ್ನು ಬರೆಯುವಾಗ ತಿರುವಿನಲ್ಲಿ ಕೈ ನಿಧಾನಿಸುತ್ತದೆ. ಅಲ್ಲಿ ಶಾಯಿ ತುಸು ಹೆಚ್ಚಾಗಿ ನಿಂತು ಬಣ್ಣ ಗಾಢವಾಗುತ್ತದೆ, ತಲೆಕಟ್ಟಿನ ಓಟದಲ್ಲಿ ತಿಳಿಯಾಗುತ್ತದೆ. ಒಂದೇ ಅಕ್ಷರದಲ್ಲಿ ಎರಡು ಛಾಯೆಗಳು ಮೂಡುತ್ತವೆ. ಕಪ್ಪು ಶಾಯಿಯಲ್ಲಿ ಇದು ಕಾಣುವುದಿಲ್ಲ. ಆದರೆ ಇದೇ ಲಿಪಿಗೆ ಒಂದು ತೊಡಕೂ ಉಂಟು. ಮೊನೆ ದಪ್ಪವಾಗಿದ್ದು ಕಾಗದ ಅಗ್ಗದ್ದಾದರೆ ಶಾಯಿ ಹರಡಿ ಒತ್ತಕ್ಷರಗಳ ಒಳಗಣ ತೆರವು ತುಂಬಿಹೋಗುತ್ತದೆ. ಬಣ್ಣವನ್ನು ಪ್ರೀತಿಸುವವರು ಕಾಗದಕ್ಕೂ ಖರ್ಚು ಮಾಡಬೇಕಾಗುತ್ತದೆ, ಇಲ್ಲವೇ ಮೊನೆಯನ್ನು ಸಣ್ಣದಾಗಿಸಿಕೊಳ್ಳಬೇಕಾಗುತ್ತದೆ. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗುವಾಗ ಪೆನ್ನನ್ನು ತಣ್ಣೀರಿನಲ್ಲಿ, ನೀರು ತಿಳಿಯಾಗುವವರೆಗೆ ತೊಳೆಯುವುದು ಅವಶ್ಯ. ಮಿನುಗುವ ಪುಡಿ ಬೆರೆತ ಶಾಯಿಗಳು ನಾಲೆಯಲ್ಲಿ ತಂಗುವುದರಿಂದ ನಿತ್ಯದ ಪೆನ್ನಿಗೆ ತಕ್ಕವಲ್ಲ.

ಇಷ್ಟೆಲ್ಲ ಆದ ಮೇಲೂ ಉಳಿಯುವ ಪ್ರಶ್ನೆ ಬಾಳಿಕೆಯದು. ಕರಗಿದ ವರ್ಣಕ್ಕೆ ಬೆಳಕೇ ಶತ್ರು. ಮೈಸೂರಿನಲ್ಲಿ ತಯಾರಾಗಿ 1962ರಿಂದ ಚುನಾವಣೆಗಳಲ್ಲಿ ಬಳಕೆಯಾಗುತ್ತಿರುವ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇರುವುದರಿಂದ ಅದು ಬೆಳಕಿನಲ್ಲಿ ಕಪ್ಪಾಗುತ್ತದೆ. ಪೆನ್ನಿನ ವರ್ಣಶಾಯಿಗಳಲ್ಲಿ ಬಹುಪಾಲು ಬೆಳಕಿನಲ್ಲಿ ಬಿಳಿಚುತ್ತವೆ. ಒಂದು ಹನಿ ನೀರು ಬಿದ್ದರೆ ಸಾಲು ಕಲಸಿಹೋಗುತ್ತದೆ. ಎಲ್ಲರಿಗೂ ಪರಿಚಿತವಾದ ರಾಯಲ್ ಬ್ಲೂ ಕೂಡ ಇದಕ್ಕೆ ಹೊರತಲ್ಲ. ಬಟ್ಟೆಯಿಂದ ಸುಲಭವಾಗಿ ತೊಳೆದುಹೋಗಲೆಂದೇ ರೂಪಿಸಿದ ಶಾಯಿ ಅದು. ಹಳೆಯ ಕಪಾಟುಗಳಲ್ಲಿ ಇರುವ ಕಾಗದಪತ್ರಗಳು, ಪಾಠದ ಟಿಪ್ಪಣಿಗಳು ಪೇಲವವಾಗಿರುವುದಕ್ಕೆ ಕಾಲದಷ್ಟೇ ಈ ಗುಣವೂ ಕಾರಣ. ತನ್ನ ಶಾಯಿಯನ್ನು ಅರಿಯಬಯಸುವವರಿಗೆ ಸರಳವಾದ ಉಪಾಯವೊಂದಿದೆ. ಒಂದು ಹಾಳೆಯಲ್ಲಿ ಎಲ್ಲ ಶಾಯಿಗಳಿಂದ ಒಂದೊಂದು ಸಾಲು ಬರೆದು, ಅರ್ಧವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಕೆಲವು ವಾರ ಇಡಬೇಕು. ರಟ್ಟನ್ನು ತೆಗೆದಾಗ ಯಾವುದು ನಿಂತಿತು, ಯಾವುದು ಹೋಯಿತು ಎಂಬುದು ಯಾರ ಹೇಳಿಕೆಯೂ ಬೇಡದಂತೆ ತಿಳಿಯುತ್ತದೆ. ಕಣ್ಣಿಗೆ ಅತ್ಯಂತ ಇಷ್ಟವಾದ ಬಣ್ಣವೇ ಮೊದಲು ಹೋಗಿರುವುದು ಅಪರೂಪವಲ್ಲ.

ಗ್ರಂಥಸಂಪಾದನೆಯ ಕೆಲಸದಲ್ಲಿ ಇದು ಬರಿಯ ಸೌಂದರ್ಯದ ವಿಷಯವಾಗಿ ಉಳಿಯುವುದಿಲ್ಲ. ಮೂಲಪ್ರತಿಯ ಪಾಠಕ್ಕೆ ಒಂದು ಬಣ್ಣ, ಪಾಠಾಂತರಗಳಿಗೆ ಇನ್ನೊಂದು, ಸಂಪಾದಕನ ಊಹೆಗೆ ಮತ್ತೊಂದು ಎಂದು ಗೊತ್ತುಮಾಡಿಕೊಂಡರೆ ಕೆಲಸ ಹಗುರವಾಗುತ್ತದೆ. ಒಂದೇ ನೋಟಕ್ಕೆ ಪುಟದ ಇತಿಹಾಸ ತೆರೆದುಕೊಳ್ಳುತ್ತದೆ. ಆದರೆ ಆ ಪುಟ ಝೆರಾಕ್ಸ್ ಯಂತ್ರಕ್ಕೆ ಹೋದರೆ ಮೂರು ಬಣ್ಣಗಳೂ ಒಂದೇ ಬೂದಿಯಾಗುತ್ತವೆ. ಮೂವತ್ತು ವರ್ಷಗಳ ಅನಂತರ ಊಹೆಯ ಬಣ್ಣ ಮಾಸಿ ಪಾಠದ ಬಣ್ಣದಂತೆಯೇ ಕಂಡರೆ, ಸಂಪಾದಕನ ಊಹೆ ಕವಿಯ ಮಾತಾಗಿಬಿಡುತ್ತದೆ. ಆಗ ತಿದ್ದಲು ಬರೆದವನು ಇರುವುದಿಲ್ಲ. ಪ್ರತಿಯೊಂದು ಪಾಠಾಂತರದ ಪಕ್ಕದಲ್ಲಿ ಪ್ರತಿಯ ಸಂಕೇತಾಕ್ಷರವನ್ನು, ಊಹೆಯ ಸುತ್ತ ಆವರಣವನ್ನು ಹಾಕುವ ಶಿಸ್ತು ಬಣ್ಣವಿದ್ದರೂ ಬೇಕು. ಹಳೆಯ ಲಿಪಿಕಾರ ಕೆಂಪು ಶಾಯಿಯಲ್ಲಿ ಬರೆದರೂ ದಂಡವನ್ನು ದಂಡವಾಗಿಯೇ ಬರೆದುದರ ವಿವೇಕ ಇದು. ಬಣ್ಣಕ್ಕೆ ಸಂತೋಷವನ್ನು ಒಪ್ಪಿಸಬಹುದು, ಅರ್ಥವನ್ನು ಒಪ್ಪಿಸಲಾಗದು.

ಇದನ್ನು ಒಪ್ಪಿದರೆ ನಿತ್ಯದ ಬರಹದ ವಿಂಗಡಣೆ ಕಷ್ಟವಲ್ಲ. ದಾಖಲೆ, ವಂಶದ ವಿವರ, ಹಸ್ತಪ್ರತಿಯ ನಕಲು, ಮುಂದಿನವರು ಓದಲೇಬೇಕಾದ ಪತ್ರ, ಇವುಗಳಿಗೆ ಕಬ್ಬಿಣದ ಬ್ಲೂ ಬ್ಲ್ಯಾಕ್ ಅಥವಾ ಪೆನ್ನಿಗಾಗಿಯೇ ಸೂಕ್ಷ್ಮ ಕಣಗಳಿಂದ ಮಾಡಿದ ಕಪ್ಪು ಸಾಕು. ನಾಳಿನ ಪಾಠದ ಟಿಪ್ಪಣಿ, ಲೇಖನದ ಮೊದಲ ಕರಡು, ಗೆಳೆಯನಿಗೊಂದು ಓಲೆ, ದಿನದ ಕೊನೆಯ ನಾಲ್ಕು ಸಾಲು, ಇವುಗಳಿಗೆ ಹಸಿರಾಗಲಿ ನೇರಳೆಯಾಗಲಿ ಇಷ್ಟಬಂದದ್ದು ಇರಲಿ. ಇವುಗಳಲ್ಲಿ ಬಹಳಷ್ಟು ಉಳಿಯಬೇಕಾದವೂ ಅಲ್ಲ. ಕೊನೆಯ ಸಾಲನ್ನು ಬರೆದ ಮೇಲೆ ಪೆನ್ನಿನಲ್ಲಿ ಇನ್ನೂ ಬಣ್ಣ ಉಳಿದಿದೆಯೆಂದು ಇನ್ನೊಂದು ಪುಟ ಬರೆಯುವಂತಾದರೆ, ಆ ಶಾಯಿ ಹತ್ತು ವರ್ಷದಲ್ಲಿ ಬಿಳಿಚಿಕೊಂಡರೂ ತನ್ನ ಕೆಲಸವನ್ನು ಮಾಡಿ ಮುಗಿಸಿರುತ್ತದೆ.